ಸುಮ್ಮನಾಗುವ ಪಾಠ

ನಮ್ಮ ಬಯಾಲಜಿ ಮೇಷ್ಟ್ರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಗಳೂ ಸುಟ್ಟು ಸುಟ್ಟು ಜಡ್ಡುಗಟ್ಟಿದ್ದವು. ಸೀಮೆಸುಣ್ಣ ಹಿಡಿದರೆ ಜಾರಿ ಬೀಳುತ್ತಿತ್ತು. ಚಿನಕುರಳಿಯ ಅಕ್ಕಸಾಲಿಗರ ಮನೆಯವರು. ಪಾಂಡವಪುರದಲ್ಲಿ ಪಿಯುಸಿಗೆ ಪಾಠ ಹೇಳಿ ಬಸ್ಸು ಹತ್ತಿ ಹೋದರೆ, ಸಂಜೆ ಅಪ್ಪನ ಜೊತೆ ಅಗ್ಗಿಷ್ಟಿಕೆಯ ಮುಂದೆ ಕೂರುತ್ತಿದ್ದರು.

ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗಲು ಬಾಗಿಲುಗಳಿವೆ, ನಾಲ್ಕು ಪ್ರೋಟೀನುಗಳು ಸುತ್ತ ನಿಂತು ನಡುವೆ ಒಂದು ಕೊಳವೆ ಮಾಡುತ್ತವೆ ಎಂದು ಹೇಳಿದ ದಿನ, ಅವರು ಚಿನ್ನದ ತಂತಿ ಎಳೆಯುವ ತೂತಿನ ಪಟ್ಟಿಯ ಹೋಲಿಕೆ ಕೊಟ್ಟರು. ತೂತಿಗಿಂತ ದಪ್ಪಗಿರುವುದು ಹಾಯುವುದಿಲ್ಲ, ಅಷ್ಟೇ ಎಂದರು. ನಾನು ಬಾಯಿಬಡುಕಿ. "ಸೋಡಿಯಂ ಇನ್ನೂ ಚಿಕ್ಕದಲ್ವಾ ಸಾರ್? ಅದ್ಯಾಕೆ ಓಗಲ್ಲ?" ಎಂದುಬಿಟ್ಟೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಬೋರ್ಡು ಒರೆಸಿ ಹೊರಟುಹೋದರು.

ಮಾರನೆಯ ದಿನ ಹರಳು ಕೂರಿಸದ ಒಂದು ಉಂಗುರ ತಂದರು. "ನೆನ್ನೆ ನಾನು ಯೋಳಿದ್ದು ತಪ್ಪು ಕಣಮ್ಮಿ. ಇದು ಅರಳು ಕೂರೋ ಮನೆ. ಅಳತೆಗಿಂತ ಚಿಕ್ಕ ಅರಳು ಮಡಗಿದ್ರೆ ಲೊಡಲೊಡ ಅಂತದೆ, ಇಡಿತ ಸಿಕ್ಕಲ್ಲ. ಸೋಡಿಯಂದೂ ಅಂಗೇಯ. ಮೈಸುತ್ತ ನೀರು ಒದ್ಕಂಡಿರ್ತದೆ. ಕೊಳವೆ ಗೋಡೆ ಇಡ್ಕಳದಿದ್ರೆ ಆ ನೀರು ಬುಟ್ಟು ಒಳೀಕೆ ಬರಾಕಿಲ್ಲ. ಪೊಟ್ಯಾಸಿಯಂ ಆದ್ರೆ ಸರಿಯಾಗ್ ಕೂತ್ಕತದೆ" ಎಂದರು. ಅರವತ್ತು ಮಕ್ಕಳ ಮುಂದೆ ತಮ್ಮ ತಪ್ಪು ಒಪ್ಪಿಕೊಂಡ ಮೇಷ್ಟ್ರನ್ನು ನಾನು ಕಂಡದ್ದು ಅದೊಂದೇ ಸಲ. ಅವತ್ತೇ ಅವರ ಮೇಲೆ ಪ್ರೀತಿ ಹುಟ್ಟಿತು.

ಹೃದಯ ಒಮ್ಮೆ ಬಡಿದ ಮೇಲೆ ಈ ಬಾಗಿಲುಗಳಿಂದ ಪೊಟ್ಯಾಸಿಯಂ ಹೊರಗೆ ಹರಿಯಬೇಕು. ಆಗಲೇ ಜೀವಕೋಶ ಮೊದಲಿನಂತಾಗಿ ಮುಂದಿನ ಬಡಿತಕ್ಕೆ ಸಿದ್ಧವಾಗುವುದು. "ಬಡ್ಕಳಾದು ದೊಡ್ದಲ್ಲ ಕಣ್ರಲಾ, ಸುಮ್ಕಾಗಾದು ದೊಡ್ದು" ಎನ್ನುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಗಲಾಟೆ ಮಾಡುವ ಹುಡುಗರಿಗೂ ಇದೇ ಬೈಗುಳ.

ಇಷ್ಟು ಬಲ್ಲವರಿಗೆ ಮನೆಯೊಳಗಿನದು ಕಾಣಲಿಲ್ಲ. ಅವರಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ಊರ ಹತ್ತಿರದ ಕಲ್ಲು ಕ್ವಾರಿಯಲ್ಲಿ ಸಿಡಿಮದ್ದು ಹಾರಿದರೆ ಕೆಲವೊಮ್ಮೆ ಬೆಚ್ಚಿ, ಪ್ರಜ್ಞೆ ತಪ್ಪಿ ಬೀಳುತ್ತಿದ್ದಳು. ಮೂರ್ಛೆರೋಗ ಎಂದುಕೊಂಡರು. ಅಜ್ಜ ಕೆಲಸ ಬಿಟ್ಟು ಓಡಿಬಂದು ಕೈಯಲ್ಲಿದ್ದ ಕಬ್ಬಿಣದ ಇಕ್ಕಳವನ್ನೇ ಅವಳ ಮುಷ್ಟಿಗೆ ತುರುಕುತ್ತಿದ್ದರು. ನಿಮಿಷದೊಳಗೆ ಹುಡುಗಿ ತಾನಾಗಿ ಕಣ್ಣು ಬಿಡುತ್ತಿದ್ದಳು, ಹೆಸರು ಇಕ್ಕಳಕ್ಕೆ ಬರುತ್ತಿತ್ತು. ಮೇಷ್ಟ್ರು ಅಪ್ಪನಿಗೆ ಎದುರಾಡಲಿಲ್ಲ. ಮೂರ್ಛೆಯ ಮಾತ್ರೆ ಕೊಡಿಸಿ ಸುಮ್ಮನಾದರು. ಹೀಗೇ ಆರು ವರ್ಷ ಹೋಯಿತು. ನೆನೆಸಿಕೊಂಡರೆ ಇವತ್ತಿಗೂ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ.

ಅಷ್ಟರಲ್ಲಿ ನಾನು ಕೆ.ಆರ್. ಪೇಟೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆಯುವ ಕೆಲಸಕ್ಕೆ ಸೇರಿದ್ದೆ. ಮಗಳು ಕಾಲೇಜಿನ ಗಂಟೆಯ ಸದ್ದಿಗೆ ಬಿದ್ದಳೆಂದು ಮೇಷ್ಟ್ರು ಕರೆದುಕೊಂಡು ಬಂದರು. "ನೀನಿದ್ದೀಯಲ್ಲ, ಒಂದ್ಸಲ ನೋಡ್ಬುಡವ್ವ" ಎಂದರು. ಕಾಗದ ಹೊರಬಂದ ಕೂಡಲೇ ಡಾಕ್ಟರನ್ನು ಕರೆದೆ. ಪ್ರತಿ ಬಡಿತದ ಕೊನೆಯ ಅಲೆ ಇಳಿಯುವುದು ತೀರಾ ತಡವಾಗುತ್ತಿತ್ತು. ಡಾಕ್ಟರು ಅಳೆದು ನೋಡಿ, ಇದು ಮೂರ್ಛೆಯಲ್ಲ, ಹೆತ್ತವರಿಂದ ಹುಟ್ಟಿನಲ್ಲೇ ಬಂದ ಪೊಟ್ಯಾಸಿಯಂ ಬಾಗಿಲಿನ ದೋಷ, ಹಠಾತ್ ಸದ್ದಾದರೆ ಹೃದಯದ ತಾಳ ತಪ್ಪುತ್ತದೆ ಎಂದರು. ಮಾತ್ರೆ ಬರೆದುಕೊಟ್ಟು, ಎದೆಯಲ್ಲಿ ತಾಳ ಸರಿಮಾಡುವ ಯಂತ್ರ ಕೂರಿಸಲು ಮೈಸೂರಿಗೆ ಹೋಗಿ ಎಂದರು. ಮೇಷ್ಟ್ರದ್ದೂ ಇಸಿಜಿ ತೆಗೆದೆ. ಅದೇ ಅಲೆ. ಡಾಕ್ಟರು ಅವರಿಗೂ ಮಾತ್ರೆ ಬರೆದುಕೊಟ್ಟರು. ಮೇಷ್ಟ್ರು ಎರಡೂ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು, "ವರ್ಸಾ ವರ್ಸಾ ಬೋರ್ಡ್ ಮೇಲೆ ಇದ್ನೇ ಬರ್ದೆನಲ್ಲವ್ವ" ಎಂದರು.

ಆ ವಾರವೇ ಕ್ವಾರಿಯ ಸದ್ದು ಬೇಡವೆಂದು ಶ್ರೀರಂಗಪಟ್ಟಣದಲ್ಲಿ ಬಾಡಿಗೆಮನೆ ಹಿಡಿದು, ಅಪ್ಪನನ್ನೂ ಮಗಳನ್ನೂ ಕರೆದೊಯ್ದರು. ಕಾಲಿಂಗ್ ಬೆಲ್ಲಿನ ತಂತಿ ಕಿತ್ತರು. ಫೋನುಗಳ ಸದ್ದು ನಿಲ್ಲಿಸಿದರು. ಕುಕ್ಕರ್ ಅಟ್ಟ ಸೇರಿತು. ಮೈಸೂರಿಗೆ ಹೋಗಲು ನಾಲ್ಕು ದಿನ ಉಳಿದಿತ್ತು. ಪರೀಕ್ಷೆಗೆ ಓದಬೇಕೆಂದು ಹುಡುಗಿ ಯಾರಿಗೂ ಹೇಳದೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದಳು. ಬೆಳಗ್ಗೆ ಐದಕ್ಕೆ ಅದು ಹೊಡೆಯಿತು. ಆ ಸಲ ಅವಳು ಕಣ್ಣು ಬಿಡಲಿಲ್ಲ.

ತಿಂಗಳು ಕಳೆದ ಮೇಲೆ ನೋಡಲು ಹೋದೆ. ಮೇಷ್ಟ್ರಿಗೆ ಬರೆದುಕೊಟ್ಟಿದ್ದ ಮಾತ್ರೆಗಳು ಗೂಡಿನಲ್ಲಿ ಹಾಗೇ ಬಿದ್ದಿದ್ದವು.

"ನೀವಾದ್ರೂ ತಗೊಳ್ಳಿ ಸಾರ್" ಎಂದೆ.

"ಯಾರ್ಗೋಸ್ಕರವ್ವ?" ಎಂದರು.

ಒಳಗಿನ ಕೋಣೆಯಲ್ಲಿ ಅವರ ಅಪ್ಪ ಕೆಮ್ಮುತ್ತಿದ್ದರು. ಆ ಮುದುಕರಿಗೋಸ್ಕರ ಎನ್ನಲು ನನಗೆ ಬಾಯಿ ಬರಲಿಲ್ಲ. ಮೇಷ್ಟ್ರು ನನ್ನ ಮುಖ ನೋಡಿದರು, ಒಳಗಿನ ಬಾಗಿಲ ಕಡೆ ನೋಡಲಿಲ್ಲ.

ಆ ಮಳೆಗಾಲದಲ್ಲೇ, ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟರು. ನಾನು ಇವತ್ತು ಉಣ್ಣುವ ಅನ್ನ ಅವರು ಕಲಿಸಿದ ವಿದ್ಯೆಯದು. ಅವರ ಕೈಗೆ ಒಂದು ಮಾತ್ರೆ ಇಟ್ಟು ನೀರು ಕುಡಿಸಲು ನನ್ನಿಂದ ಆಗಲಿಲ್ಲ.