ಬಾಗಿದ ಪ್ಲೇಟು ನಿಮ್ಮದಲ್ಲ, ಶಾಂತಕ್ಕ

ಶಾಂತಕ್ಕ, ಆ ಹಾಡು ಹಾಡಿದವರು ನೀವೇ ಎಂದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ, ತುಂಬಿದ ಸಭೆಯಲ್ಲಿ, ನಿಮ್ಮ ಮಗಳ ಎದುರಿನಲ್ಲಿ — ಅಲ್ಲ ಎಂದೆ. ಗಲಿಬಿಲಿಯಲ್ಲಿ ಬಾಯಿತಪ್ಪಿ ಬಂದ ಮಾತಲ್ಲ ಅದು. ಯೋಚಿಸಿ ಹೇಳಿದ ಸುಳ್ಳು.

ಈ ಕಾಗದವನ್ನು ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ. ತೊಂಬತ್ತರ ದಶಕದಲ್ಲಿ ನಾನು ಶಿವಮೊಗ್ಗದ ಗಾಂಧಿಬಜಾರಿನ ಹತ್ತಿರ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದೆ. ಜನ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ತರುತ್ತಿದ್ದರು. ಹಳೆಯ ಗ್ರಾಮಫೋನ್ ಪ್ಲೇಟುಗಳಿಂದ ಅವನ್ನು ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದೆ. ಯಾರ ಹತ್ತಿರವೂ ಇಲ್ಲದ ಹಾಡು ನನ್ನ ಹತ್ತಿರ ಇದೆ ಎನ್ನುವುದೇ ನನ್ನ ಜಂಬ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯೂ ಇತ್ತು. ಅಪರೂಪದ ಪ್ಲೇಟು ಸಿಕ್ಕಿದರೆ ಅದರ ನಡುವಿನ ಲೇಬಲ್ಲನ್ನು ಒದ್ದೆ ಬಟ್ಟೆಯಿಂದ ನೆನೆಸಿ ಬ್ಲೇಡಿನಲ್ಲಿ ಕೆರೆದುಬಿಡುತ್ತಿದ್ದೆವು. ಪಕ್ಕದ ರಸ್ತೆಯ ಅಂಗಡಿಯವನು ಹೆಸರು, ನಂಬರು ನೋಡಿಕೊಂಡು ಹೋಗಿ ತಾನೂ ತರಿಸಿಬಿಟ್ಟರೆ ನಮಗೇನು ಉಳಿಯಿತು? ಆದರೆ ಕೆರೆಯುತ್ತಿದ್ದುದು ನಮ್ಮ ಸ್ವಂತ ಪ್ಲೇಟುಗಳನ್ನು ಮಾತ್ರ.

ಒಂದು ಬೇಸಿಗೆಯ ಬೆಳಿಗ್ಗೆ ನೀವು ಭದ್ರಾವತಿಯ ಜನ್ನಾಪುರದಿಂದ ಬಸ್ಸಿನಲ್ಲಿ ಬಂದಿರಿ. ವೈರಿನ ಬುಟ್ಟಿಯಿಂದ, ಟವೆಲ್ಲಿನಲ್ಲಿ ಸುತ್ತಿದ್ದ ಸಣ್ಣ ಪ್ಲೇಟೊಂದನ್ನು ತೆಗೆದಿರಿ. ಲೇಬಲ್ಲಿನ ಮೇಲೆ ನಿಮ್ಮ ಹೆಸರು, ಕೆಳಗೆ ಭದ್ರಾವತಿ ಎಂದು ಊರು. ಮದುವೆಯಾದ ಹೊಸದರಲ್ಲಿ ನಿಮ್ಮ ಯಜಮಾನರೂ ಅವರ ಜೊತೆ ಕಾರ್ಖಾನೆಯಲ್ಲಿದ್ದ ಗೆಳೆಯರೂ ಆರ್ಕೆಸ್ಟ್ರಾ ಕಟ್ಟಿ, ನಿಮ್ಮನ್ನು ಮದ್ರಾಸಿಗೆ ಕರೆದುಕೊಂಡು ಹೋಗಿ ಹಾಡಿಸಿದ್ದು ಅದು. ಅಚ್ಚಾಗಿ ಬಂದ ಪಾರ್ಸೆಲ್ಲು ರೈಲ್ವೆ ಸ್ಟೇಷನ್ನಿನ ಬಿಸಿಲಿನಲ್ಲಿ ಬಿದ್ದಿದ್ದು ಪ್ಲೇಟುಗಳೆಲ್ಲ ಬಾಗಿಹೋದವಂತೆ, ಒಂದು ಮಾತ್ರ ಉಳಿಯಿತಂತೆ. ಯಜಮಾನರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು.

"ಮಗಳು ನಂಬಲ್ಲ ಕಣಪ್ಪ. ನಮ್ಮಮ್ಮ ಪ್ಲೇಟಲ್ಲಿ ಹಾಡಿದಾಳಂತೆ ಅಂತ ನಗ್ತಾಳೆ. ಮನೇಲಿ ಹಾಕಿ ಕೇಳ್ಸೋಣ ಅಂದ್ರೆ ಮಿಷನ್ ಇಲ್ಲ. ಒಂದು ಕ್ಯಾಸೆಟ್ ಮಾಡ್ಕೊಡು. ಜೋಪಾನ, ನಾಳಿದ್ದು ಬರ್ತೀನಿ" ಎಂದಿರಿ.

ನೀವು ಹೋದ ಮೇಲೆ ಕೇಳಿದೆ. ಮೊದಲು ಕಾರ್ಖಾನೆಯ ಸೈರನ್ನಿನ ಹಾಗೆ ಅಕಾರ್ಡಿಯನ್, ಆಮೇಲೆ ಗಿಟಾರು, ಬಾಂಗೋ — ಮೊದಲನೇ ಶಿಫ್ಟಿಗೆ ಹೊರಟ ಗಂಡನನ್ನು ಹೆಂಡತಿ ರೇಗಿಸುವ ಪಾಪ್ ಹಾಡು. ಎರಡನೇ ಚರಣದಲ್ಲಿ ನಿಮಗೆ ನಿಜವಾಗಿಯೇ ನಗು ಬಂದುಬಿಡುತ್ತದೆ. ತಾಳ ತಪ್ಪದೆ, ನಗುತ್ತಲೇ ಹಾಡುತ್ತೀರಿ. ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಇದು ನನ್ನೊಬ್ಬನ ಹತ್ತಿರವೇ ಇರಬೇಕು ಅನ್ನಿಸಿತು. ಅಷ್ಟೇ — ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಎಂದು ಹುಡುಕಿದ್ದೇನೆ, ಸಿಕ್ಕಿಲ್ಲ. ಮಧ್ಯಾಹ್ನ ಊಟಕ್ಕೂ ಹೋಗದೆ ನಿಮ್ಮ ಹೆಸರನ್ನು ಕೆರೆದೆ.

ಆಮೇಲೆ ಮಾಡಿದ್ದು ಇನ್ನೂ ಹೇಸಿಗೆಯ ಕೆಲಸ. ಅದೇ ಅಳತೆಯ, ಗೀರು ಬಿದ್ದು ಮೂಲೆ ಸೇರಿದ್ದ ಬೇರೊಂದು ಪ್ಲೇಟಿನ ಲೇಬಲ್ಲನ್ನೂ ಕಿತ್ತು, ಆ ಪ್ಲೇಟನ್ನು ಅಂಗಡಿ ಹಿಂದಿನ ತಗಡಿನ ಮೇಲೆ ಬಿಸಿಲಿಗಿಟ್ಟು ಬಗ್ಗಿಸಿದೆ. ನೀವು ಬಂದಾಗ ಅದನ್ನೇ ಕೈಗಿಟ್ಟೆ. "ಅಕ್ಕ, ಕಿಟಕಿ ಹತ್ರ ಇಟ್ಟು ಮರ್ತುಬಿಟ್ಟೆ. ಬಿಸಿಲಿಗೆ ಹಿಂಗಾಯ್ತು, ಲೇಬಲ್ಲೂ ಎದ್ದುಹೋಯ್ತು."

ನೀವು ಬೈಯಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದಿರಿ. "ಈ ಪ್ಲೇಟಿನ ಹಣೇಲಿ ಬಿಸಿಲೇ ಬರ್ದಿದೆ ಬಿಡು" ಎಂದು, ಅದನ್ನೂ ಜೋಪಾನವಾಗಿ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಿರಿ.

ನನಗೆ ಬೇಕಾದ ಗಿರಾಕಿಗಳ ಕ್ಯಾಸೆಟ್ಟಿನ ಕೊನೆಯಲ್ಲಿ ನಿಮ್ಮ ಹಾಡು ಸೇರಿಸತೊಡಗಿದೆ. ಹಾಸ್ಟೆಲುಗಳಲ್ಲಿ, ಹೊಳೆಹೊನ್ನೂರಿನ ಬಸ್ಸುಗಳಲ್ಲಿ ಅದು ಕೇಳಿಸತೊಡಗಿತು. "ಯಾರ್ದು ಮಾರಾಯ ಇದು?" ಎಂದವರಿಗೆಲ್ಲ, ಗೊತ್ತಿಲ್ಲ, ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು ಎಂದೆ. ಮುಂಬಯಿಯ ಗಿರಣಿಯವರು ಮಾಡಿಸಿದ್ದು ಎಂದರು ಒಬ್ಬರು. ಮದ್ರಾಸಿನ ದೊಡ್ಡ ಗಾಯಕಿಯೊಬ್ಬರು ಹೆಸರು ಮುಚ್ಚಿಟ್ಟು ಹಾಡಿದ್ದು ಎಂದರು ಇನ್ನೊಬ್ಬರು. ಪ್ರತಿ ಕಥೆಗೂ ನಾನು ಉಪ್ಪು ಖಾರ ಸೇರಿಸಿದೆ. ಪ್ಲೇಟಿನ ಜೊತೆ ನಾನೂ ಊರಿಗೆ ಪರಿಚಯವಾದೆ, ಸುಳ್ಳೇಕೆ ಹೇಳಲಿ, ಅದು ಹಿತವಾಗಿತ್ತು.

ಕ್ಯಾಸೆಟ್ಟಿನ ಕಾಲ ಮುಗಿಯುತ್ತಾ ಬಂದಾಗ, ಹಳೆಯ ಹಾಡುಗಳನ್ನು ಪ್ರೀತಿಸುವ ಕೆಲವರು ಶಿವಮೊಗ್ಗದ ಹಾಲೊಂದರಲ್ಲಿ ಕಾರ್ಯಕ್ರಮ ಇಟ್ಟುಕೊಂಡರು. 'ಅಜ್ಞಾತ ಗಾಯಕಿಯ ಹಾಡನ್ನು ಉಳಿಸಿದವರು' ಎಂದು ನನಗೆ ಶಾಲು ಹೊದಿಸಿದರು. ಪ್ಲೇಟು ಹಾಕಿದರು. ಹಾಡು ಮುಗಿಯುವುದಕ್ಕೂ ನೀವು ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಕಾರ್ಯಕ್ರಮದ ಸುದ್ದಿ ಭದ್ರಾವತಿಗೂ ಮುಟ್ಟಿತ್ತು. ಪಕ್ಕದಲ್ಲಿ ಮಗಳು.

"ಇದು ನನ್ನ ಹಾಡು" ಎಂದಿರಿ. ಮುಂದೆ ಬಂದು, ವರ್ಷಗಟ್ಟಲೆ ಕಾಪಾಡಿಕೊಂಡಿದ್ದ ಆ ಬಾಗಿದ ಪ್ಲೇಟನ್ನು ಸಾಕ್ಷಿಯಾಗಿ ತೋರಿಸಿದಿರಿ. ತಿಳಿದವರೊಬ್ಬರು ಎರಡನ್ನೂ ದೀಪಕ್ಕೆ ಹಿಡಿದು ನೋಡಿದರು. "ಇದರ ಗೆರೆಗಳೇ ಬೇರೆ ಅಮ್ಮ. ಇದು ಬೇರೆ ಯಾವುದೋ ಹಾಡು." ಹಾಗಾದರೆ ಎರಡು ಸಾಲು ಹಾಡಿ ಎಂದರು. ನೀವು ಬಾಯಿ ತೆರೆದಿರಿ. ದಮ್ಮು ಕೆರಳಿ ಕೆಮ್ಮು ಬಂತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮೈಕು ನನ್ನ ಕಡೆ ತಿರುಗಿತು.

"ನೀನೇ ಹೇಳಪ್ಪ. ನಿಂಗೇ ತಂದ್ಕೊಟ್ಟಿದ್ದೆ ಅಲ್ವಾ?"

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಹೌದೆಂದರೆ ಲೇಬಲ್ಲು ಕೆರೆದದ್ದು, ಪ್ಲೇಟು ಬದಲಾಯಿಸಿದ್ದು, ಹೆಗಲ ಮೇಲಿನ ಶಾಲು — "ಇವರಲ್ಲ. ಇವರು ಯಾರು ಅಂತಲೇ ನನಗೆ ಗೊತ್ತಿಲ್ಲ" ಎಂದೆ.

ಮಗಳು ನಿಮ್ಮ ತೋಳು ಹಿಡಿದಳು. "ಬಾರಮ್ಮ, ಇನ್ನೂ ಎಷ್ಟು ಮಾನ ಕಳೀತೀಯ?" ನೀವು ನನ್ನ ಮುಖ ನೋಡಿದಿರಿ, ಆಗಷ್ಟೇ ಹಾಡಿದ, ಬಾಗದ ಆ ಇನ್ನೊಂದು ಪ್ಲೇಟನ್ನು ನೋಡಿದಿರಿ. ಎಲ್ಲ ಅರ್ಥವಾಯಿತು ನಿಮಗೆ. "ಒಂದ್ಸಲ ಕೇಳಿದ್ನಲ್ಲ, ಸಾಕು ಬಿಡಪ್ಪ" ಎಂದು ಹೊರಟಿರಿ.

ಆ ಮಾತನ್ನು ಇಟ್ಟುಕೊಂಡು ನಾನು ಇಷ್ಟು ವರ್ಷ ಊಟ ಮಾಡಿದ್ದೇನೆ, ನಿದ್ದೆ ಮಾಡಿದ್ದೇನೆ. ಮನುಷ್ಯನಿಗೆ ಎಲ್ಲವೂ ಅಭ್ಯಾಸವಾಗುತ್ತದೆ.

ಹೋದ ವಾರ ಭದ್ರಾವತಿಯ ಓಲ್ಡ್ ಟೌನಿನಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದವಳು ನಿಮ್ಮ ಮಗಳು. ಅವಳು ನನ್ನನ್ನು ಗಮನಿಸಲಿಲ್ಲ. ಅಂಗಡಿಯವನ ಮೊಬೈಲು ಹೊಡೆದುಕೊಂಡಿತು. ನಿಮ್ಮ ಹಾಡು — ಈಗ ಅದು ರಿಂಗ್‌ಟೋನೂ ಆಗಿದೆ. ಸರಿಯಾಗಿ ಆ ನಗುವಿನ ಭಾಗ. ನಿಮ್ಮ ಮಗಳು ಬೆಂಕಿ ತಾಗಿದವಳಂತೆ ಹಿಂದೆ ಸರಿದಳು. "ಎತ್ತಯ್ಯಾ ಅದನ್ನ! ಆ ಹಾಡು ಕೇಳಿದ್ರೆ ಮೈಯೆಲ್ಲ ಉರಿಯುತ್ತೆ" ಎಂದು, ಆರಿಸಿದ್ದ ಬದನೆಕಾಯಿಯನ್ನೂ ಬಿಟ್ಟು ಹೋದಳು. ತಾಯಿಯ ನಗುವನ್ನು ಮಗಳು ಕಿವಿಯಲ್ಲಿ ಕೇಳಲಾರದ ಹಾಗೆ ಮಾಡಿದವನು ನಾನು. ಅಲ್ಲಿಯೂ ಬಾಯಿ ಬಿಡಲಿಲ್ಲ.

ಮನೆಗೆ ಬಂದು ಹೆಂಡತಿಗೆ ಮೊದಲ ಬಾರಿ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು. "ನಂಗೆ ಹೇಳಿ ಮನಸ್ಸು ಹಗುರ ಮಾಡ್ಕೊಳ್ತೀರಾ? ಆ ಮಗಳಿಗೆ ಹೇಳ್ರಿ" ಎಂದಳು.

ಈ ಕಾಗದದ ಒಂದು ಪ್ರತಿಯನ್ನು ಆ ಕಾರ್ಯಕ್ರಮ ಮಾಡಿದವರಿಗೆ, ಶಾಲಿನ ಜೊತೆ, ಇವತ್ತು ಕಳಿಸಿದ್ದೇನೆ. ಮುಂದಿನ ಸಭೆಯಲ್ಲಿ ಪೂರ್ತಿ ಓದಬೇಕು, ನನ್ನ ಹೆಸರು ಬಿಡಬಾರದು ಎಂದು ಬರೆದಿದ್ದೇನೆ. ಭಾನುವಾರ ಬೆಳಿಗ್ಗೆ ಜನ್ನಾಪುರಕ್ಕೆ ಬರುತ್ತೇನೆ. ನಿಮ್ಮ ಪ್ಲೇಟು ತರುತ್ತೇನೆ, ಹಾಕುವ ಮಿಷನ್ನೂ ತರುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೊಡಿ ಎನ್ನುವ ಮುಖ ನನಗಿಲ್ಲ. ನೀವು ಒಳಗೆ ಕರೆಯದಿದ್ದರೆ ಬೀದಿಯಲ್ಲಿ ನಿಂತೇ ಹೇಳುತ್ತೇನೆ. ನೀವು ಒಂದು ಮಾತೂ ಆಡಬೇಕಾಗಿಲ್ಲ, ಶಾಂತಕ್ಕ. ಮಗಳನ್ನು ನಂಬಿಸಲು ನೀವು ಪಟ್ಟ ಪಾಡು ಸಾಕು. ಅಮ್ಮ ಹೇಳಿದ್ದು ನಿಜ ಎಂದು ಈ ಸಲ ಅವಳಿಗೆ ನಾನು ಹೇಳುತ್ತೇನೆ.