ಮುತ್ತಿಟ್ಟು ಸವೆದ ಪಾದ

"ಹಾಸಿಗೆ ಕೊಳ್ತೀವೀ... ಫ್ರಿಜ್ಜು, ಒಲೆ, ಬಟ್ಟೆ ಒಗೆಯೋ ಮಿಶಿನ್ನು... ಹಳೇ ಕಬ್ಬಿಣ ಏನಿದ್ರೂ ಕೊಳ್ತೀವೀ..."

ಗುಜರಿ ಲಾರಿಯ ನೆತ್ತಿಯ ಮೇಲಿದ್ದ ಧ್ವನಿವರ್ಧಕದಿಂದ ಯಾವುದೋ ಪುಟ್ಟ ಹುಡುಗಿಯ ಮೂಗುದನಿ ಹೊರಟು ತಲವೇರಾ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಉಜ್ಜಿಕೊಂಡು ಹೋಯಿತು. ಓತೀಲಿಯಾ ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದಕ್ಕೆ ಅಂಟು ಹತ್ತಿದ ಬೆರಳು ತುರುಕಿಕೊಂಡು, ಲಾರಿ ತಿರುವು ದಾಟುವವರೆಗೆ ಕಾದಳು.

"ಈಗ ಹೇಳಿ, ಲಿಸೆನ್ಸಿಯಾದಾ" ಎಂದಳು ಮ್ಯೂಸಿಯಮ್ಮಿನ ರೆನಾತಾಳಿಗೆ.

"ಸಂತೋಷದ ಸುದ್ದಿ, ದೋನ್ಯಾ ಓತೀಲಿಯಾ! ಜನ ಮುಗಿಬೀಳ್ತಿದಾರೆ. ಪ್ರದರ್ಶನಾನ ಏಪ್ರಿಲ್ ಕೊನೇವರೆಗೂ ಇಡೋಣ ಅಂತ ತೀರ್ಮಾನ ಆಗಿದೆ."

"ಇಡಿ. ನಮ್ಮ ಕೂಸನ್ನ ನಾಳೆ ಕಳಿಸಿಕೊಡಿ. ನಾಳಿದ್ದು ಕಾಂದೆಲಾರಿಯಾ ಹಬ್ಬ."

"ಅದನ್ನೇ ಹೇಳೋಕೆ ಫೋನ್ ಮಾಡಿದ್ದು. ಹಬ್ಬಾನ ಇಲ್ಲೇ ಮಾಡೋಣ! ಹತ್ತೂವರೆಗೆ ನೀವೇ ಬಂದು ಜನರ ಮುಂದೆ ಬಟ್ಟೆ ಉಡಿಸ್ತೀರಿ, ನಾನು ಮೈಕಿನಲ್ಲಿ ವಿವರಿಸ್ತೀನಿ. ಅವತ್ತು ನಿಮ್ಮ ವಠಾರದೋರಿಗೆ ಟಿಕೆಟ್ ಇಲ್ಲ."

"ನಮ್ಮ ಕೂಸನ್ನ ನೋಡೋಕೆ ನಮಗೆ ಟಿಕೆಟ್ಟೇ?"

"ಇಲ್ಲ ಅಂದೆನಲ್ಲ, ಪೂರ್ತಿ ಉಚಿತ."

ಓತೀಲಿಯಾ ಫೋನು ಇಟ್ಟಳು. ಅವಳ ಮುಂದೆ ಮೇಜಿನ ಮೇಲೆ ದುರಸ್ತಿಗೆ ಬಂದ ಹನ್ನೆರಡು ಬಾಲಯೇಸು ವಿಗ್ರಹಗಳು ಅಂಗಾತ ಮಲಗಿದ್ದವು. ಒಂದಕ್ಕೆ ಮೂಗಿಲ್ಲ, ಒಂದಕ್ಕೆ ಕಿರುಬೆರಳಿಲ್ಲ, ಒಂದರ ಗಾಜಿನ ಕಣ್ಣು ಒಳಗೆ ಜಾರಿ ಗಡಗಡ ಎನ್ನುತ್ತಿತ್ತು. ಬಾಗಿಲ ಹೊರಗೆ ಹೆಂಗಸರು ತಮ್ಮ ತಮ್ಮ ಬಾಲಯೇಸುಗಳನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಸಾಲು ನಿಂತಿದ್ದರು. ಜನವರಿಯ ಕೊನೆಯ ವಾರ ಆ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕ್ರಿಸ್ಮಸ್ಸಿನ ಮುನ್ನಾದಿನ ಹುಲ್ಲಿನ ಮೇಲೆ ಮಲಗಿಸಿದ ಮಗುವನ್ನು ಫೆಬ್ರವರಿ ಎರಡಕ್ಕೆ ಎತ್ತಬೇಕು, ಹೊಸ ಬಟ್ಟೆ ಉಡಿಸಬೇಕು, ಚರ್ಚಿನಲ್ಲಿ ಹನ್ನೆರಡು ಗಂಟೆಯ ಪೂಜೆಗೆ ಹೊತ್ತು ಒಯ್ಯಬೇಕು. ಮಗು ಏಳದ ಮನೆಯಲ್ಲಿ ಆ ವರ್ಷ ಏನೂ ಏಳುವುದಿಲ್ಲ.

ಓತೀಲಿಯಾ ಬಾರಾಂಕೊಗೆ ಅರವತ್ತು. ನಲವತ್ತು ವರ್ಷದಿಂದ ಅದೇ ಕುರ್ಚಿ. ಮಕ್ಕಳಿಲ್ಲದ ಅವಳನ್ನು ಬೀದಿಯವರು 'ಸಾವಿರ ಮಕ್ಕಳ ತಾಯಿ' ಎಂದು ಛೇಡಿಸಿದರೆ, "ಸಾವಿರ ನಿಮ್ಮಜ್ಜಿ ಕಾಲಕ್ಕೇ ಮುಗೀತು" ಎನ್ನುತ್ತಾಳೆ. ಅವಳು ಈ ಕೆಲಸಕ್ಕೆ ಬಂದದ್ದೂ ಈಗ ಮ್ಯೂಸಿಯಮ್ಮಿನಲ್ಲಿರುವ ವಠಾರದ ಕೂಸಿನಿಂದಲೇ. ಎಂಬತ್ತೈದರ ಸೆಪ್ಟೆಂಬರಿನಲ್ಲಿ ಭೂಮಿ ನಡುಗಿ ವಠಾರದ ಹಿಂದಿನ ಗೋಡೆ ಕುಸಿದಾಗ, ಇಪ್ಪತ್ತರ ಓತೀಲಿಯಾ ಇಟ್ಟಿಗೆಗಳ ಅಡಿಯಿಂದ ಅವನನ್ನು ಕೈಯಲ್ಲೇ ಬಗೆದು ತೆಗೆದಿದ್ದಳು. ಬಲಗೈಯ ಎರಡು ಬೆರಳು ಹೋಗಿದ್ದವು. ತಲವೇರಾ ಬೀದಿಯ ಮುದುಕ ಫೋರ್ತಿನೋ ಬಳಿ ಒಯ್ದರೆ ಅವನು, "ನೀನೇ ಮಾಡು, ನಾನು ಹೇಳಿಕೊಡ್ತೀನಿ" ಎಂದ. ಬೆರಳು ಮಾಡಲು ಒಂದು ವಾರ ಹಿಡಿಯಿತು. ಆಮೇಲೆ ಅವಳು ಮನೆಗೆ ಹೋದದ್ದು ಮಲಗಲು ಮಾತ್ರ.

ಫೋರ್ತಿನೋ ಕಲಿಸಿದ ನಿಯಮ ಒಂದೇ. ಮುರಿದದ್ದನ್ನು ಸರಿಮಾಡು, ಸವೆದದ್ದನ್ನು ಮುಟ್ಟಬೇಡ.

ವಠಾರದ ಹದಿನಾಲ್ಕು ಮನೆಗೂ ಸೇರಿದ ಆ ಮರದ ಮಗುವಿನ ಎಡಪಾದ ಸವೆದಿತ್ತು. ನೂರು ವರ್ಷದಿಂದ ಕೆಲಸಕ್ಕೆ ಹೊರಟವರು, ಆಸ್ಪತ್ರೆಗೆ ಹೊರಟವರು, ಮದುವೆಗೆ ಹೊರಟವರು ಬಾಗಿ ಮುತ್ತಿಟ್ಟು ಬೆರಳುಗಳ ಮೇಲಿನ ಬಣ್ಣ ಹೋಗಿ, ಬಿಳಿ ಸುಣ್ಣದ ಪದರವೂ ಹೋಗಿ, ಒಳಗಿನ ಮರ ಜೇನಿನ ಬಣ್ಣಕ್ಕೆ ಮಿರುಗುತ್ತಿತ್ತು. ಅವಳ ಅವ್ವ ಮಾರುಕಟ್ಟೆಗೆ ತರಕಾರಿ ಬುಟ್ಟಿ ಹೊತ್ತು ಹೊರಡುವ ಮುನ್ನ, ಇನ್ನೂ ಕತ್ತಲಿರುವಾಗಲೇ, ಅಲ್ಲಿ ತುಟಿ ಊರುತ್ತಿದ್ದಳು. ಅವ್ವ ಹೋಗಿ ಇಪ್ಪತ್ತೆರಡು ವರ್ಷ. ಸಮಾಧಿಯ ಮೇಲಿನ ಹೆಸರು ಆಗಲೇ ಮಸುಕಾಗಿದೆ. ಅವ್ವನನ್ನು ಮುಟ್ಟಬೇಕೆನಿಸಿದಾಗ ಓತೀಲಿಯಾ ಮುಟ್ಟುತ್ತಿದ್ದದ್ದು ಆ ಪಾದವನ್ನು.

ಅಂಥದ್ದನ್ನು ಕೊಟ್ಟವಳು ಅವಳೇ. ಜನವರಿ ಆರರ ಮೂವರು ಅರಸರ ಹಬ್ಬದ ಮಾರನೆಯ ದಿನ ಮ್ಯೂಸಿಯಮ್ಮಿನ ರೆನಾತಾ ವಠಾರಕ್ಕೆ ಬಂದು, ಉಳಿದ ಸಿಹಿ ರೊಟ್ಟಿಯನ್ನು ಚಾಕೊಲೇಟಿನಲ್ಲಿ ಅದ್ದಿ ತಿಂದು, 'ಬಡಾವಣೆಯ ಕೈಗಳು' ಎಂಬ ಪ್ರದರ್ಶನಕ್ಕೆ ಮೂರೇ ವಾರ ಎಂದು ಕೇಳಿದಾಗ, ಎಲ್ಲರೂ ಬೇಡವೆಂದರು. ಓತೀಲಿಯಾ ಅಂಗಳದಲ್ಲಿ ನಿಂತು ವಾದಿಸಿದಳು: ನಮ್ಮ ಬೀದಿಯ ಹೆಸರು ಹೇಳಿದರೆ ಈ ನಗರಕ್ಕೆ ಕಳ್ಳರು ನೆನಪಾಗುತ್ತಾರೆ, ಒಮ್ಮೆ ನಮ್ಮ ಕೂಸನ್ನೂ ನೋಡಲಿ.

ಫೋನು ಇಟ್ಟವಳು ಸಾಲಿನಲ್ಲಿದ್ದವರಿಗೆ ಸಂಜೆ ಬನ್ನಿ ಎಂದು ಅಂಗಡಿಯ ಬಾಗಿಲೆಳೆದು ಮ್ಯೂಸಿಯಮ್ಮಿಗೆ ನಡೆದೇ ಹೋದಳು.

ಅರಮನೆಯಂಥ ಕಟ್ಟಡದ ಮೊದಲ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ದೀಪದ ಕೆಳಗೆ ಅವನು ಮಲಗಿದ್ದ. ಹುಲ್ಲು ತೆಗೆದಿದ್ದರು. ಬೂದು ಬಣ್ಣದ ಬಟ್ಟೆಯ ಮೇಲೆ ಬರಿಮೈ. ಅವಳ ಕಣ್ಣು ನೇರ ಎಡಪಾದಕ್ಕೆ ಹೋಯಿತು.

ಪಾದ ಗುಲಾಬಿಯಾಗಿತ್ತು. ಐದು ಬೆರಳಿಗೂ ಉಗುರು ಬರೆದಿದ್ದರು.

ಪಕ್ಕದ ಚೀಟಿಯಲ್ಲಿ ಹೀಗಿತ್ತು: 'ಮರ, ಬಣ್ಣ. ಎಡಪಾದದಲ್ಲಿ ಬಳಕೆಯಿಂದ ಹಾನಿ. ಸರಿಪಡಿಸಲಾಗಿದೆ.'

ಅವಳು ಚೀಟಿಯನ್ನು ಮೂರು ಸಲ ಓದಿದಳು. ಅಷ್ಟರಲ್ಲಿ ರೆನಾತಾ ಕೈ ಚಾಚಿಕೊಂಡು ಬಂದಳು.

"ನೋಡಿದ್ರಾ, ಎಷ್ಟು ಚೆನ್ನಾಗಿ ಮಾಡಿದಾರೆ! ಇಟಲೀಲಿ ಕಲಿತು ಬಂದೋರು."

"ಯಾರನ್ನ ಕೇಳಿ ಮಾಡಿದ್ರಿ?"

"ನಮ್ಮಲ್ಲಿಗೆ ಬಂದ ವಸ್ತುಗಳನ್ನ ಸುಸ್ಥಿತಿಗೆ ತರೋದು ನಮ್ಮ ಕರ್ತವ್ಯ, ದೋನ್ಯಾ."

"ವಸ್ತು!"

"ಬೇಜಾರ್ ಮಾಡ್ಕೋಬೇಡಿ. ಆ ಬಣ್ಣ ಶಾಶ್ವತ ಅಲ್ಲ. ಯಾವಾಗ ಬೇಕಾದ್ರೂ ಸ್ಪಿರಿಟ್ಟಲ್ಲಿ ತೆಗೀಬಹುದು, ಕೆಳಗಿನದಕ್ಕೆ ಏನೂ ಆಗಲ್ಲ. ನಮ್ಮ ನಿಯಮವೇ ಹಾಗೆ."

"ಹಾಗಾದ್ರೆ ಪೆಟ್ಟಿಗೆ ತೆಗೀರಿ. ಹೊತ್ಕೊಂಡು ಹೋಗ್ತೀನಿ."

"ವಿಮೆ ಏಪ್ರಿಲ್‌ವರೆಗೆ ಮಾಡಿಸಿಯಾಗಿದೆ. ನಿರ್ದೇಶಕರ ಸಹಿ ಇಲ್ದೆ ಬೀಗ ತೆಗಿಯೋಕಾಗಲ್ಲ. ಅವರು ಮಾದ್ರಿದ್‌ನಲ್ಲಿದಾರೆ. ನಾಳಿದ್ದು ಕಾರ್ಯಕ್ರಮಕ್ಕೆ ಅಂತ ಮಾತ್ರ ಅನುಮತಿ ಸಿಕ್ಕಿದೆ. ಬರ್ತೀರಲ್ಲ?"

ಓತೀಲಿಯಾಳ ಬಾಯಿಗೆ ಬಂದ ಮಾತು ಲಾ ಮೆರ್ಸೆದ್ ಮಾರುಕಟ್ಟೆಯಲ್ಲಿ ಮೂಟೆ ಹೊರುವವರಿಗೂ ನಾಚಿಕೆ ತರುವಂಥದ್ದು. ಅದನ್ನು ನುಂಗಿದಳು. "ಬರ್ತೀನಿ" ಎಂದಳು.

ವಠಾರದ ಅಂಗಳದಲ್ಲಿ ಅವಳಿಗಾಗಿ ಕಾದಿದ್ದವಳು ರೆಫುಗಿಯೋ. ಎಲ್ಲರೂ ಕುಕಾ ಎನ್ನುತ್ತಾರೆ. ಅರಸರ ಹಬ್ಬದ ಸಿಹಿ ರೊಟ್ಟಿಯೊಳಗೆ ಅಡಗಿಸಿಟ್ಟ ಪುಟ್ಟ ಗೊಂಬೆ ಈ ವರ್ಷ ಸಿಕ್ಕಿದ್ದು ಅವಳ ಹಲ್ಲಿಗೆ. ಹಾಗಾಗಿ ಕೂಸಿಗೆ ಧರ್ಮತಾಯಿ ಅವಳೇ, ಬಟ್ಟೆ ಹೊಲಿಸುವವಳೂ ವಠಾರಕ್ಕೆಲ್ಲ ತಮಾಲೆ ಎಂಬ ಜೋಳದ ಕಡುಬು ಬೇಯಿಸುವವಳೂ ಅವಳೇ.

"ಎಲ್ಲಿ ನನ್ನ ಮಗು, ಕೊಮಾದ್ರೆ? ಬರಿಗೈಲಿ ಬಂದ್ಯಾ?"

"ಕೊಡ್ಲಿಲ್ಲ."

"ಕೊಡ್ಲಿಲ್ವಂತೆ! ಅವತ್ತು ಇದೇ ಕಲ್ಲಿನ ಮೇಲೆ ನಿಂತು ಭಾಷಣ ಬಿಗಿದೋರು ಯಾರಮ್ಮಾ? ನನ್ನ ಗಂಡ ಅಲ್ವಲ್ಲ? ಅವನು ಸತ್ತು ಒಂಬತ್ತು ವರ್ಷ ಆಯ್ತು. ನಿನಗೆ ಯಾರಾದ್ರೂ 'ದೋನ್ಯಾ, ನಿಮ್ಮ ಪರಂಪರೆ' ಅಂದ್ರೆ ಸಾಕು, ಒಳಲಂಗದವರೆಗೂ ಬಿಚ್ಚಿ ಕೊಟ್ಟುಬಿಡ್ತೀಯ."

"ಪಾದಕ್ಕೆ ಬಣ್ಣ ಬಳಿದಿದಾರೆ, ಕುಕಾ."

ಕುಕಾಳ ಮಗ ಡಯಾಲಿಸಿಸ್‌ಗೆ ಹೋಗುವ ದಿನಗಳಲ್ಲಿ ಅವಳೂ ಬಾಗಿದ್ದು ಅಲ್ಲಿಗೇ. ಅವಳು ಒಳಗೆ ಹೋಗಿ ಬಿಳಿ ಸ್ಯಾಟಿನ್ನಿನ ಅಂಗಿ, ಜರಿ ಅಂಚಿನ ಟೋಪಿ, ಒಂದೇ ಒಂದು ಪುಟ್ಟ ಚಪ್ಪಲಿ ತಂದು ಓತೀಲಿಯಾಳ ಮಡಿಲಿಗೆ ಹಾಕಿದಳು. ಎಡಗಾಲಿಗೆ ಆ ವಠಾರದಲ್ಲಿ ಯಾರೂ ಚಪ್ಪಲಿ ಹೊಲಿಸುವುದಿಲ್ಲ.

"ಏನ್ ಮಾಡ್ತೀಯೋ ನನಗೆ ಗೊತ್ತಿಲ್ಲ."

"ಹನ್ನೆರಡಕ್ಕೆ ಎಲ್ಲರನ್ನೂ ಕರ್ಕೊಂಡು ಚರ್ಚಿನ ಬಾಗಿಲಲ್ಲಿ ನಿಂತಿರು. ತಮಾಲೆ ಆರೋಕೆ ಬಿಡ್ಬೇಡ."

"ಪೊಲೀಸ್ರು ಹಿಡಿದ್ರೆ?"

"ಹಿಡಿದ್ರೆ ಅಲ್ಲಿಗೇ ನಾಲ್ಕು ತಮಾಲೆ ಕಳಿಸು. ಹಸಿ ಮೆಣಸಿನಕಾಯಿದು."

ಫೆಬ್ರವರಿ ಎರಡರ ಬೆಳಿಗ್ಗೆ ಮ್ಯೂಸಿಯಮ್ಮಿನಲ್ಲಿ ನೂರಕ್ಕೂ ಹೆಚ್ಚು ಮಡಿಸುವ ಕುರ್ಚಿಗಳು ತುಂಬಿದ್ದವು. ಜನರ ಕೈಯಲ್ಲಿ ಕಾಗದದ ಲೋಟದಲ್ಲಿ ಕಾಫಿ. ಕಾವಲುಗಾರ ಬೀಗ ತೆಗೆದು ಗಾಜನ್ನೆತ್ತಿದ. ಓತೀಲಿಯಾ ಕೈ ತೊಳೆದುಕೊಂಡು, ಕುಚ್ಚಿನ ಅಂಚಿನ ಶಾಲನ್ನು ಹೆಗಲಿಗೆ ಬಿಗಿದು, ಮೇಜಿನ ಮುಂದೆ ನಿಂತಳು. ಒಂದು ನಗುವನ್ನೂ ಯಾರಿಗೂ ಕೊಡಲಿಲ್ಲ.

"ಇವರು ನಮ್ಮ ಜೀವಂತ ಪರಂಪರೆ" ಎಂದು ರೆನಾತಾ ಮೈಕಿನಲ್ಲಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. "ಈಗ ಅವರು ಮಗುವಿಗೆ ಬಟ್ಟೆ ಉಡಿಸಿ ಎತ್ತುತ್ತಾರೆ. ಒಮ್ಮೆ ಎತ್ತಿದ ಮಗುವನ್ನು ಮತ್ತೆ ಮಲಗಿಸುವಂತಿಲ್ಲ. ನೇರವಾಗಿ ಪೂಜೆಗೆ ಒಯ್ಯಬೇಕು. ಇದು ಇನ್ನೂರು ವರ್ಷಗಳಿಂದ ಮುರಿಯದ ಕಟ್ಟಳೆ."

ಓತೀಲಿಯಾ ಚೀಲದಿಂದ ಹತ್ತಿಯನ್ನೂ ಸಣ್ಣ ಶೀಶೆಯನ್ನೂ ತೆಗೆದಳು. ಹತ್ತಿ ಅದ್ದಿ ಎಡಪಾದದ ಮೇಲಿಟ್ಟಳು. ಸ್ಪಿರಿಟ್ಟಿನ ವಾಸನೆ ಮುಂದಿನ ಸಾಲಿಗೆ ಬಡಿಯಿತು.

ರೆನಾತಾ ಮೈಕನ್ನು ಕೈಯಿಂದ ಮುಚ್ಚಿಕೊಂಡು ಹತ್ತಿರ ಬಂದಳು. "ಏನ್ ಮಾಡ್ತಿದೀರಿ ನೀವು?"

"ತೆಗೀಬಹುದು ಅಂದ್ರಲ್ಲ. ತೆಗೀತಿದೀನಿ."

"ಹೀಗಲ್ಲ! ಅದಕ್ಕೆ ತಜ್ಞರು ಇದಾರೆ—"

"ನಲವತ್ತು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು. ಇಟಲಿಗೆ ಹೋಗಿಲ್ಲ, ಒಪ್ಕೋತೀನಿ."

ಮೊದಲ ಸಾಲಿನಲ್ಲಿ ಯಾರೋ ನಕ್ಕರು. ಹತ್ತಿ ಗುಲಾಬಿಯಾಯಿತು. ಅವಳು ಎಸೆದು ಇನ್ನೊಂದು ತೆಗೆದುಕೊಂಡಳು, ಮತ್ತೊಂದು. ಬರೆದ ಉಗುರುಗಳು ಒಂದೊಂದಾಗಿ ಹೋದವು. ಅವುಗಳ ಕೆಳಗಿಂದ ಜೇನುಬಣ್ಣದ ಮರ ಹೊರಬಂತು. ಹೆಬ್ಬೆರಳಿನ ಬುಡದ ಪುಟ್ಟ ತಗ್ಗು, ಮಧ್ಯದ ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡ ನಯ, ಎಲ್ಲವೂ ಇದ್ದಂತೆಯೇ ಇದ್ದವು. ಅವಳು ಬಾಗಿ, ಸ್ಪಿರಿಟ್ಟು ತುಟಿ ಸುಡುತ್ತಿದ್ದರೂ, ಮುತ್ತಿಟ್ಟಳು. ಕೋಪ ಕಡಿಮೆಯಾಗಲಿಲ್ಲ. ಇಷ್ಟು ಸುಲಭವಾಗಿ ಅಳಿಸಬಹುದಾದ ಬಣ್ಣವನ್ನು ಇಷ್ಟು ಸುಲಭವಾಗಿ ಬಳಿದಿದ್ದರಲ್ಲ ಎಂದು ಇನ್ನಷ್ಟು ಉರಿಯಿತು.

ಅಂಗಿ ತೊಡಿಸಿದಳು. ಟೋಪಿ ಇಟ್ಟಳು. ಬಲಗಾಲಿಗೆ ಚಪ್ಪಲಿ. ಎಡಗೈಯನ್ನು ಬೆನ್ನಿನಡಿ ತೂರಿಸಿ, ಬಲಗೈಯಲ್ಲಿ ತಲೆಗೆ ಆಸರೆ ಕೊಟ್ಟು, ಎತ್ತಿದಳು. ಕುರ್ಚಿಗಳಿಂದ ಮತ್ತೆ ಚಪ್ಪಾಳೆ. ಕೆಲವರು ಎದ್ದು ನಿಂತರು, ಒಬ್ಬಾಕೆ ಶಿಲುಬೆಯ ಗುರುತು ಹಾಕಿಕೊಂಡಳು.

"ತುಂಬ ಚೆನ್ನಾಗಿತ್ತು" ಎಂದು ರೆನಾತಾ ಮೈಕಿನಲ್ಲಿ ಹೇಳಿದಳು, ನಗು ಬಿಗಿಯಾಗಿತ್ತು. "ಈಗ ದೋನ್ಯಾ ಓತೀಲಿಯಾ ಮಗುವನ್ನು ಪೆಟ್ಟಿಗೆಗೆ—"

"ಅಲ್ಲ, ಸೆನ್ಯೊರೀತಾ," ಶಿಲುಬೆ ಹಾಕಿಕೊಂಡಾಕೆ ನಿಂತಲ್ಲೇ ಕೂಗಿದಳು, "ಮಲಗಿಸೋ ಹಾಗಿಲ್ಲ ಅಂತ ಈಗಿನ್ನೂ ನೀವೇ ಹೇಳಿದ್ರಲ್ಲ?"

"ಅದು ಸಂಪ್ರದಾಯದ ವಿವರಣೆ..."

"ವಿವರಣೆ ಆದ್ರೆ ಸುಳ್ಳಾ?" ಹಿಂದಿನಿಂದ ಇನ್ನೊಂದು ದನಿ.

ಓತೀಲಿಯಾ ಆಗಲೇ ಶಾಲಿನಲ್ಲಿ ಕೂಸನ್ನು ಸುತ್ತಿ ಎದೆಗೆ ಕಟ್ಟಿಕೊಂಡು, ಕುರ್ಚಿಗಳ ನಡುವಿನ ದಾರಿಗೆ ಇಳಿದಿದ್ದಳು. ರೆನಾತಾ ಮೈಕು ಬಿಟ್ಟು ಹಿಂದೆ ಓಡಿಬಂದಳು. ಬಾಗಿಲಲ್ಲಿದ್ದ ಕಾವಲುಗಾರನಿಗೆ, "ತಡೀರಿ ಅವರನ್ನ!" ಎಂದಳು.

ಕಾವಲುಗಾರ ಒಮ್ಮೆ ರೆನಾತಾಳನ್ನೂ ಒಮ್ಮೆ ಶಾಲನ್ನೂ ನೋಡಿದ. "ಎತ್ತಿದ ಕೂಸಿಗೆ ನಾನು ಕೈ ಹಚ್ಚಲ್ಲ, ಲಿಸೆನ್ಸಿಯಾದಾ. ನಮ್ಮನೇಲೂ ಒಬ್ಬನಿದಾನೆ. ನನ್ನ ಹೆಂಡ್ತಿ ನನ್ನ ಚರ್ಮ ಸುಲೀತಾಳೆ."

"ಗಂಟೆ ಎಷ್ಟಪ್ಪಾ?" ಎಂದು ಓತೀಲಿಯಾ ಕೇಳಿದಳು.

"ಹನ್ನೊಂದೂಕಾಲು, ಜೆಫಾ. ಬೇಗ ನಡೀರಿ."

"ದೋನ್ಯಾ ಓತೀಲಿಯಾ, ದಯವಿಟ್ಟು" ಎಂದು ರೆನಾತಾ ಮೆಟ್ಟಿಲ ತನಕ ಬಂದಳು. ಈಗ ಅವಳ ದನಿಯಲ್ಲಿ ಮೈಕು ಇರಲಿಲ್ಲ. "ನನ್ನ ಕೆಲಸ ಹೋಗತ್ತೆ. ನಿಮಗೆ ಅರ್ಥ ಆಗ್ತಿಲ್ಲ. ನಾನು ನಿಮ್ಮ ಪರವಾಗೇ ಇದೀನಿ, ಮೊದಲಿನಿಂದ್ಲೂ."

ಓತೀಲಿಯಾ ತಿರುಗಿದಳು. "ನಮ್ಮ ವಠಾರದಲ್ಲಿ ಕೂತು ನಮ್ಮ ರೊಟ್ಟಿ ತಿಂದ್ರಿ. ಮೂರು ವಾರ ಅಂದ್ರಿ. ನೂರು ವರ್ಷ ಜನ ಮುತ್ತಿಟ್ಟದ್ದಕ್ಕೆ ಹಾನಿ ಅಂತ ಚೀಟಿ ಬರೆದ್ರಿ. ನನ್ನ ಅವ್ವನ ಬಾಯಿಯನ್ನ ಹಾನಿ ಅಂದ್ರಿ, ಮಗಳೇ. ಅಷ್ಟು ಓದಿದೀರಿ, ಒಂದು ಮಾತು ಕೇಳೋಕೆ ಬರಲಿಲ್ಲ ನಿಮಗೆ."

"ಚೀಟಿ ಬದಲಾಯಿಸ್ತೀನಿ. ಇವತ್ತೇ. ನೀವೇ ಹೇಳಿ ಏನ್ ಬರೀಬೇಕು ಅಂತ. ನಾವು ಕೂತ್ಕೊಂಡು ಮಾತಾಡೋಣ, ಪೂಜೆ ಆದ್ಮೇಲಾದ್ರೂ ವಾಪಸ್ ತರ್ತೀರಾ? ನಾನು ಕಾರು ಕಳಿಸ್ತೀನಿ, ಎರಡು ಗಂಟೆಗೆ, ನಿಮ್ಮ ಬಾಗಿಲಿಗೇ, ಬೇಕಾದ್ರೆ ನಾನೇ..."

ಓತೀಲಿಯಾ ಮೆಟ್ಟಿಲಿಳಿದಾಗಿತ್ತು. ಬೀದಿಯ ಬಿಸಿಲು ಕೂಸಿನ ಮುಖಕ್ಕೆ ಬೀಳದಂತೆ ಶಾಲಿನ ಅಂಚನ್ನು ಮುಂದಕ್ಕೆಳೆದು, ಎದುರು ಬರುತ್ತಿದ್ದ ಜನರನ್ನು ಭುಜದಿಂದ ಸರಿಸುತ್ತ, ಅವಳು ಚರ್ಚಿನ ದಿಕ್ಕಿಗೆ ಬಿರಬಿರನೆ ನಡೆದಳು.