ಟೈಲರಣ್ಣ ಕೆಡಿಸಿದ ಕತೆ

ನಮ್ಮ ಹನುಮಂತನಪಟ್ಟಿಯ ಟೈಲರಣ್ಣ ದೆವ್ವದ ಕತೆ ಬರೆಯೋನು. ರವಿಕೆ ಹೊಲಿಸೋಕೆ ಬಂದ ಹೆಂಗಸರಿಗೆ ಮಿಷಿನ್ ತುಳೀತಾ ಅದನ್ನ ಹೇಳೋನು. ಭಯದ ಜಾಗ ಬಂದಾಗ ಕಾಲು ನಿಲ್ಲಿಸೋನು. ಮಿಷಿನ್ ಸದ್ದು ನಿಂತರೆ ಕೇಳೋರ ಉಸಿರೂ ನಿಲ್ಲೋದು. ದೆವ್ವ ಹೆಂಗಿತ್ತು ಅಂತ ಕೇಳಿದರೆ, "ಅದನ್ನ ತೋರಿಸಬಾರದು" ಅನ್ನೋನು, ಅಷ್ಟೇ.

ಒಂದು ಸಲ ನನ್ನ ದ್ರಾಕ್ಷಿ ತೋಟದ ಮೋಟಾರ್ ರೂಮನ್ನೇ ಕತೆಗೆ ಎಳೆದುಕೊಂಡ. ನನ್ನ ತೋಟದ ಕೊಯ್ಲಿಗೆ ಬರೋರೂ ಅದೇ ಹೆಂಗಸರು; ಮರುದಿನ ಒಬ್ಬಳೂ ಬರಲಿಲ್ಲ. ಹಣ್ಣು ಉದುರೋ ಹಂತಕ್ಕೆ ಬಂದಿತ್ತು. ಐದನೇ ಕ್ಲಾಸಿಗೇ ಓದು ಬಿಟ್ಟು, ಕಲ್ಲುಕಂಬ ಹೊತ್ತು ಆ ದ್ರಾಕ್ಷಿ ಚಪ್ಪರ ನಿಲ್ಲಿಸಿದವನು ನಾನು. ಯಾರನ್ನೂ ಏನೂ ಕೇಳಿದವನಲ್ಲ. ಆದರೂ ಅವನ ಅಂಗಡಿಗೆ ಹೋದೆ.

"ಅದು ಸುಳ್ಳು ಅಂತ ಹೇಳಿಬಿಡಣ್ಣ."

"ಸುಳ್ಳು ಅಂದ್ರೆ ಇನ್ನೂ ಹೆದರ್ತಾರೆ ತಮ್ಮಾ."

ಬಾಯಲ್ಲಿದ್ದ ಗುಂಡುಪಿನ್ನು ತೆಗೆದಿಟ್ಟು ಯೋಚನೆ ಮಾಡಿದ. ಸಂಜೆ ಹೆಂಗಸರನ್ನ ಕರೆಸಿ ಅದೇ ಕತೆ ಮತ್ತೆ ಹೇಳಿದ. ಈ ಸಲ ಮಿಷಿನ್ ನಿಲ್ಲಿಸಲಿಲ್ಲ. ದೆವ್ವದ ಎತ್ತರ, ಹಲ್ಲು, ಸೀರೆ ಬಣ್ಣ, ರವಿಕೆ ಅಳತೆ, ಒಂದನ್ನೂ ಬಿಡದೆ ಹೇಳಿದ.

"ನಲವತ್ತೆರಡಾ? ಅದು ನಮ್ಮತ್ತೆ ತಾನೆ ಅಣ್ಣಾ?" ಅಂದಳು ಒಬ್ಬಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೊಬ್ಬ ತಲೆ ಬಗ್ಗಿಸಿ ಹೊಲೀತಿದ್ದ.

ಮರುದಿನ ಮಧ್ಯಾಹ್ನ ಅವರೆಲ್ಲ ಮೋಟಾರ್ ರೂಮಿನ ನೆರಳಲ್ಲೇ ಬುತ್ತಿ ಬಿಚ್ಚಿ ಕೂತರು. ನೋಡಿ ನನ್ನ ಎದೆ ಹಗುರಾಯಿತು. ಒಂದು ಬುಟ್ಟಿ ಹಣ್ಣು ತಗೊಂಡು ಅವನ ಅಂಗಡಿಗೆ ಹೋದೆ.

ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಟೈಲರಣ್ಣ ಅಂದ: "ಮುಂದಿನ ದೆವ್ವ ನನ್ನ ಅಂಗಡೀಲೇ ಇರಲಿ ಬಿಡು."